ಚಂಡಕೇತು ಬೀಳಬೇಕಿತ್ತು

ಬೈರಯ್ಯನ ಗಡ್ಡ ಕಡಿಯುತ್ತಿತ್ತು. ಬೆಳಿಗ್ಗೆ ಬಣ್ಣದವನು ಗೋಂದು ಬಳಿದು ಅಂಟಿಸಿದ ಗಡ್ಡ. ಮಧ್ಯಾಹ್ನದ ಹೊತ್ತಿಗೆ ಅದರೊಳಗೆ ಇರುವೆ ಗೂಡು ಕಟ್ಟಿದಂತಾಗಿತ್ತು. ಕೆರೆದರೆ ಕಿತ್ತು ಬರುತ್ತದೆ, ಕೆರೆಯದಿದ್ದರೆ ಜೀವ ಹೋಗುತ್ತದೆ. ಗಡ್ಡಕ್ಕೆ ಅರಿಸಿನ ಮೆತ್ತುತ್ತದೆಂದು ಚಿತ್ರಾನ್ನವನ್ನೂ ತಿಂದಿರಲಿಲ್ಲ. ಮಲ್ಲತ್ತಹಳ್ಳಿಯ ರಂಗಮಂದಿರದ ಹಿಂದಿನ ಕೋಣೆಯಲ್ಲಿ, ಹರಿದ ಗೋಣಿಬಟ್ಟೆ ತೊಟ್ಟು, ಕೈಗೆ ಸರಪಳಿ ಸುತ್ತಿಕೊಂಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಸರಪಳಿ ಮಾತ್ರ ಅಸಲಿ ಕಬ್ಬಿಣದ್ದು. ರಾಜಾಜಿನಗರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ರಿಟೈರಾದವನಿಗೆ ರಟ್ಟಿನ ಸರಪಳಿ ಹಾಕಿಕೊಳ್ಳಲು ಮನಸ್ಸು ಬರುತ್ತದೆಯೇ?

ನಾಟಕದ ಹೆಸರು 'ಚಂಡಕೇತು'. ಕುರುಬರಹಳ್ಳಿಯ ಕಲಾವಿದರ ಸಂಘ ವರ್ಷಕ್ಕೊಮ್ಮೆ ಆಡುವ ಹಳೇ ಕಂಪನಿ ನಾಟಕ. ಕಥೆ ಸುಲಭ. ತಮ್ಮ ಚಂಡಕೇತು ರಾಜ್ಯದ ಆಸೆಗೆ ಬಿದ್ದು ಅಣ್ಣ ಸತ್ಯಸೇನನನ್ನು ಸೆರೆಮನೆಗೆ ತಳ್ಳಿ ಸಿಂಹಾಸನ ಹತ್ತುತ್ತಾನೆ. ಹತ್ತಿದ ಮೇಲೆ ಇಳಿಯಲು ಹೆದರಿಕೆ. ಆ ಹೆದರಿಕೆಗೆ ತನ್ನವರನ್ನೆಲ್ಲ ಒಬ್ಬೊಬ್ಬರಾಗಿ ಕೊಲ್ಲಿಸುತ್ತಾನೆ. ಕೊನೆಯ ದೃಶ್ಯದಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಬಂದ ಸತ್ಯಸೇನ ಎದುರು ನಿಂತು, 'ಇಳಿಯೋ ತಮ್ಮ, ಅದು ಗದ್ದುಗೆಯಲ್ಲ, ಕೆಂಡ' ಎಂದು ಹಾಡುತ್ತಾನೆ. ಹಾಡು ಮುಗಿಯುತ್ತಲೇ ಚಂಡಕೇತು ಎದೆಯೊಡೆದು, ಸಿಂಹಾಸನದ ಮೆಟ್ಟಿಲ ಮೇಲಿಂದ ಉರುಳಿ ಸಾಯುತ್ತಾನೆ. ಅಷ್ಟೇ.

ಆ 'ಅಷ್ಟೇ' ಅನ್ನುವುದನ್ನು ಕುರುಬರಹಳ್ಳಿಯ ಒಂದು ನರಪಿಳ್ಳೆಯೂ ನೋಡಿಲ್ಲ. ಬೈರಯ್ಯ ಸತ್ಯಸೇನನ ಪಾತ್ರ ವಹಿಸಿಕೊಂಡ ವರ್ಷದಿಂದ ನಾಟಕ ಕೊನೆಯ ದೃಶ್ಯ ಮುಟ್ಟಿಯೇ ಇಲ್ಲ. ಪ್ರತಿ ಸಲವೂ ಬಣ್ಣ ಹಚ್ಚಿಸಿಕೊಳ್ಳುತ್ತಾನೆ, ದಿನವಿಡೀ ಕಾಯುತ್ತಾನೆ, ಹೊತ್ತು ಮೀರುತ್ತದೆ, ಮಂಗಳ ಹಾಡಿ ಪರದೆ ಬಿಡುತ್ತಾರೆ. ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಂಡು ಮನೆಗೆ ಹೋಗುತ್ತಾನೆ. ಈ ಸಲ ಹೆಂಡತಿ ಚಿಕ್ಕಗಂಗಮ್ಮ ಬೆಳಿಗ್ಗೆಯೇ ಹೇಳಿಬಿಟ್ಟಿದ್ದಳು.

"ಬೀದಿಯವರೆಲ್ಲ ಕೇಳ್ತಾರೆ ಕಣ್ರೀ, ನಿಮ್ಮ ಯಜಮಾನ್ರು ನಾಟಕದಲ್ಲಿ ಪರದೆ ಎಳೀತಾರಾ ಅಂತ. ಇವತ್ತೂ ನೀವು ಸ್ಟೇಜಿಗೆ ಬರ್ಲಿಲ್ಲ ಅಂದ್ರೆ ನಾನಂತೂ ಇನ್ನು ಬರೋಳಲ್ಲ."

ಇಷ್ಟಕ್ಕೆಲ್ಲ ಕಾರಣ ಮಹದೇವ್. ಬಸವೇಶ್ವರನಗರದಲ್ಲಿ ಗ್ರಾನೈಟ್ ಅಂಗಡಿ ಇಟ್ಟವನು, ಚಂಡಕೇತುವಿನ ಪಾತ್ರದವನು. ಕಂಠ ಇದೆ, ಇಲ್ಲ ಅನ್ನುವ ಹಾಗಿಲ್ಲ. ಆದರೆ ಒಂದೊಂದು ಹಾಡಿಗೂ ಮುಂದಿನ ಸಾಲಿನಲ್ಲಿ ಕೂತ ಅಂಗಡಿಯ ಆಳುಗಳು "ಒನ್ಸ್ ಮೋರ್" ಅನ್ನುತ್ತಾರೆ, ಇವನು ಮತ್ತೆ ಹಾಡುತ್ತಾನೆ. ಅದು ಸಾಲದು ಅಂತ ಹಾರ. ನಾಟಕ ನಡೆಯುತ್ತಿರುವಾಗಲೇ ನೆಂಟರಿಷ್ಟರು ರಂಗದ ಮೇಲೆ ಬಂದು ಪಾತ್ರಧಾರಿಗೆ ಹಾರ ಹಾಕುವುದು ನಮ್ಮ ಕಡೆಯ ಪದ್ಧತಿ. ಬಂದಾಗಲೆಲ್ಲ ನಾಟಕ ನಿಲ್ಲಬೇಕು, ಮೈಕಿನಲ್ಲಿ ಹೆಸರು ಕೂಗಬೇಕು, ಫೋಟೊ ಹೊಡೆಯಬೇಕು. ಅಣ್ಣನನ್ನು ಜೈಲಿಗೆ ಹಾಕಿದ ಪಾಪಿಗೆ ಶಾಲು! ಮಂತ್ರಿಯ ತಲೆ ತೆಗೆಸಿದ ಕೊಲೆಗಡುಕನಿಗೆ ಮೈಸೂರು ಪೇಟ!

ಹೊರಗಿನಿಂದ ಮೈಕು ಕೂಗಿತು. "ಕೆಂಗೇರಿಯ ಬೀಗರ ಕಡೆಯಿಂದ ನಮ್ಮ ಚಂಡಕೇತು ಮಹಾರಾಜರಿಗೆ ಸೇಬಿನ ಹಾರ!"

"ಸೇಬಿನ ಹಾರವಂತೆ," ಬೈರಯ್ಯ ಹಲ್ಲು ಕಡಿದ. "ಅದನ್ನ ಹೊರೋಕೆ ನಾಲ್ಕು ಜನ. ಹೆಣ ಹೊತ್ತಂಗೆ ಹೊತ್ಕೊಂಡು ಬಂದವ್ರೆ ನೋಡು."

ಪಕ್ಕದಲ್ಲಿ ಕೂತಿದ್ದ ಕೆಂಪಯ್ಯ ನಕ್ಕ. ನಾಗರಬಾವಿಯ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್ ಆಗಿರುವವನು, ನಾಟಕದಲ್ಲಿ ಸೈನಿಕ. ರಾಜ ಬಿದ್ದ ಮೇಲೆ ಓಡಿ ಬಂದು, 'ದೊರೆ ಬಿದ್ದ! ಕೋಟೆಯ ಬಾಗಿಲು ತೆಗೆಯಿರಿ!' ಅನ್ನಬೇಕು. ಅವನ ಪಾತ್ರ ಅಷ್ಟೇ.

"ನಿಂಗಾದ್ರೆ ಒಂದು ಹಾಡೈತೆ ಬೈರಣ್ಣ. ನಂದು ಒಂದೇ ಮಾತು. ಗೇಟಲ್ಲಿ ಕೂತು ಅದನ್ನೇ ಹೇಳಿ ಹೇಳಿ, ಈಗ ಅಪಾರ್ಟ್‌ಮೆಂಟಿನೋರೆಲ್ಲ ಕಾರು ಬಂದ್ರೆ 'ಕೋಟೆಯ ಬಾಗಿಲು ತೆಗಿ ಕೆಂಪಯ್ಯ' ಅಂತಾರೆ."

"ಅದೇ ನೋಡು. ಹಿಂದ್ಗಡೆ ಇನ್ನೊಬ್ಬ ಬಣ್ಣ ಹಚ್ಕೊಂಡು ಕಾಯ್ತಾ ಕೂತವನೆ ಅನ್ನೋ ಜ್ಞಾನ ಬೇಡ್ವೇನಯ್ಯ ಮನುಷ್ಯನಿಗೆ? ಅವನ ಹೊಟ್ಟೆ ತುಂಬೋದೇ ಇಲ್ಲ."

ಅಷ್ಟರಲ್ಲಿ ರಂಗಮಂದಿರದ ಮ್ಯಾನೇಜರ್ ಸೈಡ್ ವಿಂಗಿಗೆ ಬಂದು, ಹಾರ್ಮೋನಿಯಂ ಮೇಷ್ಟ್ರು ಗಂಗಾಧರಯ್ಯನವರ ಕಡೆ ಬಗ್ಗಿದ. "ಮೇಷ್ಟ್ರೇ, ಬೇಗ ಮುಗಿಸಿ. ಸಂಜೆ ಡ್ಯಾನ್ಸ್ ಕ್ಲಾಸಿನವರದ್ದಿದೆ. ಮಕ್ಕಳು ಗೆಜ್ಜೆ ಕಟ್ಕೊಂಡು ಬಿಸಿಲಲ್ಲಿ ನಿಂತಿದಾವೆ. ಇನ್ನು ತಡ ಆದ್ರೆ ನಾನೇ ಪರದೆ ಬಿಡ್ತೀನಿ."

ಮೇಷ್ಟ್ರು ಮಂಗಳಕ್ಕೆ ಶ್ರುತಿ ಹಿಡಿಯಲು ಹೊರಟರು. ಬೈರಯ್ಯ ಸರಪಳಿ ಎಳೆದುಕೊಂಡು ಓಡಿಬಂದ.

"ಮೇಷ್ಟ್ರೇ, ನನ್ನ ಹಾಡು!"

"ಏನ್ಮಾಡ್ಲಿ ಬೈರಯ್ಯ. ಹಾರ ತಂದೋರ್ನ ಬೇಡ ಅನ್ನೋಕಾಗುತ್ತಾ? ಮುಂದಿನ ವರ್ಷ ನೋಡೋಣ ಬಿಡು."

ಮುಂದಿನ ವರ್ಷ! ಆ ಮಾತು ಕಿವಿಗೆ ಬಿದ್ದದ್ದೇ ತಡ, ಬೈರಯ್ಯನ ನೆತ್ತಿ ಕಾಯಿತು. ಯಾರನ್ನೂ ಕೇಳಲಿಲ್ಲ. ಸೀದಾ ರಂಗದ ಮೇಲೆ ನಡೆದ.

ಸಿಂಹಾಸನದ ಮೇಲೆ ಮಹದೇವ್ ಕೂತಿದ್ದ, ಅಥವಾ ಹೂವಿನ ರಾಶಿಯೊಳಗೆ ಅವನ ಮೀಸೆ ಕಾಣುತ್ತಿತ್ತು. ಸೇಬಿನ ಹಾರ ಎರಡೂ ತೋಳಿನ ಮೇಲಿಂದ ನೆಲಕ್ಕೆ ಇಳಿದಿತ್ತು. ಮೈಕಿನವನು ಬೈರಯ್ಯನ ಹರುಕು ಬಟ್ಟೆ ನೋಡಿ ಗೊಂದಲಕ್ಕೆ ಬಿದ್ದ. ಮಹದೇವನ ಕಡೆಯ ಯಾರೋ ಬಡಪಾಯಿ ಇರಬೇಕೆಂದುಕೊಂಡು, "ಯಜಮಾನ್ರೇ, ಹಾರ ಎಲ್ಲಿ? ನಿಮ್ಮ ಹೆಸರು, ಏರಿಯಾ ಹೇಳಿ" ಅಂದ.

"ನನ್ನ ಹೆಸರು ಸತ್ಯಸೇನ!" ಬೈರಯ್ಯ ಗುಡುಗಿದ. "ಏರಿಯಾ ಸೆರೆಮನೆ!"

ಸಭೆ ಹೋ ಎಂದಿತು. ಬೈರಯ್ಯ ಸರಪಳಿ ಬಿಚ್ಚಿ ಹಲಗೆಯ ಮೇಲೆ ಒಗೆದ. ಅಸಲಿ ಕಬ್ಬಿಣ ಬಿದ್ದ ಸದ್ದಿಗೆ ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದವರೂ ತಲೆಯೆತ್ತಿದರು.

"ಇಳಿಯೋ ತಮ್ಮ..."

ಮೇಷ್ಟ್ರ ಬೆರಳು ಮಂಗಳ ಬಿಟ್ಟು ಆ ಹಾಡಿನ ಹಿಂದೆ ಹೊರಟಿತು. ಅಷ್ಟು ವರ್ಷ ಹಿಂದಿನ ಕೋಣೆಯಲ್ಲಿ ನುಂಗಿದ ಸಿಟ್ಟೆಲ್ಲ ಬೈರಯ್ಯನ ಗಂಟಲಿಗೆ ಬಂದು ನಿಂತಿತ್ತು. ಚಿಕ್ಕಗಂಗಮ್ಮ ಎದ್ದು ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಹಾಡು ಮುಗಿಯಿತು.

ಆಮೇಲೆ ಯಾವನೋ ಕೂಗಿದ. "ಒನ್ಸ್ ಮೋರ್!"

ಇಡೀ ಸಭೆ ಕೂಗಿತು. ಬೈರಯ್ಯನ ಎದೆಗೂಡು ಅಗಲವಾಯಿತು. ಮತ್ತೆ ಹಾಡಿದ. ಮತ್ತೆ ಕೂಗಿದರು. ಈ ಸಲ ರಾಗ ಎಳೆದು, ಇಲ್ಲದ ಆಲಾಪವನ್ನೂ ಸೇರಿಸಿ ಹಾಡಿದ.

"ಅಣ್ಣಾ," ಸಿಂಹಾಸನದಿಂದ ಪಿಸುಮಾತು ಬಂತು. "ಸಾಕು. ಸಾಯ್ತೀನಿ ಬಿಡು."

"ತಡಿಯೋ. ಜನ ಕೇಳ್ತಾವ್ರೆ."

"ಮಂಡಿಗೆ ಸ್ಪಂಜು ಕಟ್ಕೊಂಡಿದೀನಿ ಅಣ್ಣಾ. ಬೀಳೋದನ್ನ ಅಂಗಡೀಲಿ ಹಾಸಿಗೆ ಹಾಕ್ಕೊಂಡು ಪ್ರಾಕ್ಟೀಸ್ ಮಾಡಿದೀನಿ. ಬೀಗರೆಲ್ಲ ವಿಡಿಯೋ ತೆಗೆಯೋಕೆ ಮೊಬೈಲ್ ಹಿಡ್ಕೊಂಡವ್ರೆ!"

"ಇಷ್ಟೊತ್ತು ಬದುಕಿರ್ಲಿಲ್ವಾ? ಇನ್ನೊಂದು ಸಲ ಹಾಡೋವರ್ಗೂ ಬದುಕು."

ಸೈಡ್ ವಿಂಗಿನಲ್ಲಿ ಕೆಂಪಯ್ಯ ಈಟಿ ಹಿಡಿದು ನಿಂತಿದ್ದ. ಒಂದು ಕಾಲು ಆಗಲೇ ಮುಂದಿಟ್ಟಿದ್ದ. ಮುಗಿಸು, ಮುಗಿಸು ಎಂದು ಕೈಸನ್ನೆ ಮಾಡಿದ. ಬೈರಯ್ಯ ನೋಡಿದ. ನೋಡಿ, ಮುಖ ಸಭೆಯ ಕಡೆ ತಿರುಗಿಸಿದ. ಅಲ್ಲಿ ಬೀದಿಯವರು ಸೇವಂತಿಗೆ ಹಾರ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಪೂಜೆಗೆ ತಂದು ಉಳಿದದ್ದೋ ಏನೋ, ಮೊಳ ಉದ್ದದ್ದು. ಬೈರಯ್ಯ ಕತ್ತು ಬಗ್ಗಿಸಿದ. ಮೈಕಿನವನು ಹೆಸರು ಕೂಗಿದ. ಫೋಟೊಗೆ ಎಲ್ಲರೂ ಒತ್ತಿ ನಿಂತರು. ಬೈರಯ್ಯ ಗಡ್ಡ ಸರಿಮಾಡಿಕೊಂಡ.

ಆಗ ಪರದೆ ಬಿತ್ತು.

ಮ್ಯಾನೇಜರ್ ಹೇಳಿದಂತೆಯೇ ಮಾಡಿದ್ದ. ಪರದೆಯ ಒಳಗೆ ಚಂಡಕೇತು ಸೇಬಿನ ನಡುವೆ ಜೀವಂತ ಕೂತಿದ್ದ. ಹೊರಗೆ ಗೆಜ್ಜೆ ಕಾಲುಗಳ ಓಡಾಟ ಶುರುವಾಯಿತು.

"ಥೂ ನಿನ್ನ! ಸಾಯೋಕೂ ಬಿಡ್ಲಿಲ್ವಲ್ಲಣ್ಣ!" ಮಹದೇವ್ ಕಿರೀಟ ಕಿತ್ತೆಸೆದು, ಸ್ಪಂಜು ಕಟ್ಟಿದ ಮಂಡಿಯಲ್ಲಿ ಕಾಲು ಅಗಲಿಸಿಕೊಂಡೇ ಹೊರಟುಹೋದ.

ಚಿಕ್ಕಗಂಗಮ್ಮ ಹಿಂದಿನ ಕೋಣೆಗೆ ಬಂದಳು. ಕಣ್ಣು ಒದ್ದೆಯಾಗಿತ್ತು. "ಚೆನ್ನಾಗಿ ಹಾಡಿದ್ರಿ. ಆದ್ರೆ ಆ ಚಂಡಕೇತು ಏನಾದ್ನ್ರೀ? ಅಷ್ಟೆಲ್ಲ ಅನ್ಯಾಯ ಮಾಡಿ ಬದುಕ್ಕೊಂಡುಬಿಟ್ನಾ?"

ಮೂಲೆಯಲ್ಲಿ ಕೆಂಪಯ್ಯ ಈಟಿಯ ತುದಿಗೆ ಸುತ್ತಿದ ಬೆಳ್ಳಿ ಕಾಗದ ಬಿಡಿಸುತ್ತಿದ್ದ. ತಲೆಯ ಮೇಲಿನ ಟೋಪಿ ಇನ್ನೂ ತೆಗೆದಿರಲಿಲ್ಲ. ಬೈರಯ್ಯ ಮಹದೇವನ ಹಾರದಿಂದ ಉದುರಿ ಉರುಳಿಬಂದಿದ್ದ ಒಂದು ಸೇಬು ಎತ್ತಿಕೊಂಡು ಅವನ ಮುಂದೆ ಹಿಡಿದ.

"ತಗೊಳಯ್ಯ. ಏನು ಹಂಗೆ ನೋಡ್ತೀಯ?"

"ಏನಿಲ್ಲ ಬಿಡು ಬೈರಣ್ಣ." ಕೆಂಪಯ್ಯ ಸೇಬು ಮುಟ್ಟಲಿಲ್ಲ. "ಮುಂದಿನ ವರ್ಷ ನಾಟಕ ಶುರುವಾಗುತ್ಲೇ ನಾನು ಮೊದ್ಲು ಬಂದ್ಬಿಡ್ತೀನಿ. ದೊರೆ ಬಿದ್ದ ಅಂತ ಹೇಳ್ಬಿಟ್ಟು ಡ್ಯೂಟಿಗೆ ಹೋಗ್ತೀನಿ. ಆಮೇಲೆ ನೀವಿಬ್ರೂ ಎಷ್ಟೊತ್ತಾದ್ರೂ ಹಾಡ್ಕೊಳ್ಳಿ."

ಬೈರಯ್ಯ ಕೊಬ್ಬರಿ ಎಣ್ಣೆಗೂ ಕಾಯದೆ ಗಡ್ಡವನ್ನು ಒಂದೇ ಎಳೆತಕ್ಕೆ ಕಿತ್ತ. ಜೊತೆಗೆ ಒಂದಿಷ್ಟು ಚರ್ಮವೂ ಬಂತು.