ಸೋಮು ಹೇಳಿದ ವೇಗ

ಸೋಮಶೇಖರ ತೀರಿಕೊಂಡ ಮೇಲೆ ಅವನ ಪಿಸ್ತೂಲು ಕಾನೂನಿನ ಪ್ರಕಾರ ಬಂದೂಕಿನ ವ್ಯಾಪಾರಿಯ ಕೈ ಸೇರಿತು. ಉಳಿದದ್ದು ಮೂವತ್ತು ತೋಟಾ. ಅಂಗಡಿಯವಲ್ಲ, ನೆಲಮಾಳಿಗೆಯ ಮೇಜಿನ ಮುಂದೆ ಗಂಡ ಹೆಂಡತಿ ಕೂತು ಕೈಯಾರೆ ತುಂಬಿದವು. ಒಮ್ಮೆ ಹಾರಿಸಿದ ಹಿತ್ತಾಳೆಯ ಚಿಪ್ಪಿಗೆ ಮದ್ದು ತೂಗಿ ಹಾಕುವುದು ಶೋಭನಾಳ ಕೆಲಸ. ಅದರ ಬಾಯಿಗೆ ಗುಂಡು ಕೂರಿಸಿ ಪ್ರೆಸ್ಸಿನ ಹಿಡಿ ಎಳೆಯುವುದು ಸೋಮುವಿನದು.

ತುಂಬಿದ ದಿನವೇ ಪಂದ್ಯ ಕಟ್ಟಿದ್ದರು. ಮದ್ದು ಹೊಸದು, ಪುಸ್ತಕದಲ್ಲಿದ್ದ ಗುಂಡಿನ ವೇಗದ ಅಂಕಿ ಬೇರೆ ಯಾವುದೋ ನಳಿಗೆಯದು. ತನ್ನ ಪಿಸ್ತೂಲಿನಲ್ಲಿ ಸೆಕೆಂಡಿಗೆ ಮುನ್ನೂರ ಇಪ್ಪತ್ತು ಮೀಟರ್ ಬರುತ್ತದೆ ಎಂದು ಸೋಮು ಹೇಳಿದ. ಮುನ್ನೂರ ಐದು ಎಂದಳು ಶೋಭನಾ. ಸ್ಪರ್ಧೆಯಲ್ಲಿ ಮುನ್ನೂರ ಎಂಟಕ್ಕಿಂತ ಕೆಳಗೆ ಬಂದರೆ ಅಂಕವಿಲ್ಲ. ಅಂದರೆ, ನಿನ್ನ ತೋಟಾ ದಂಡ ಎಂದೇ ಅವಳು ಹೇಳಿದಂತಾಯಿತು. ಹತ್ತಿರದ ಅಂಕಿ ಹೇಳಿದವರು ಗೆದ್ದಂತೆ, ಸೋತವರು ಚಳಿಗಾಲ ಮುಗಿಯುವ ತನಕ ಕಾರಿನ ಗಾಜಿನ ಮೇಲಿನ ಹಿಮ ಕೆರೆಯಬೇಕೆಂದು ಮಾತಾಯಿತು. ವೇಗ ಅಳೆಯುವ ಮೊದಲೇ, ನವೆಂಬರಿನಲ್ಲಿ, ಅವನ ತಲೆಯೊಳಗೆ ಒಂದು ರಕ್ತನಾಳ ಒಡೆಯಿತು.

ಯಾರು ಸೋತರೆಂದು ಗೊತ್ತಾಗದೆ ಕಾರು ಪಾರ್ಕಿಂಗಿನಲ್ಲೇ ಹಿಮ ಹೊದ್ದು ನಿಂತಿತು. ಶೋಭನಾ ಬಸ್ಸಿನಲ್ಲಿ ಓಡಾಡಿದಳು. ಕೇಳಿದವರಿಗೆ ಬ್ಯಾಟರಿ ಹೋಗಿದೆ ಎಂದಳು.

ಫೆಬ್ರವರಿಯಲ್ಲಿ ಒಂದು ಶನಿವಾರ ದತ್ತಾತ್ರೇಯ ತಮ್ಮ ಕಾರಿನಲ್ಲಿ ಅವಳನ್ನು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಸ್ಯಾಂಡ್‌ವಿಕೆನ್ ಎಂಬ ಊರಿನಲ್ಲಿ ಉಕ್ಕಿನ ಉಪಕರಣಗಳ ಎಂಜಿನಿಯರು ಅವರು. ಗಂಡ ಹೆಂಡಿರಿಬ್ಬರನ್ನೂ ಕ್ಲಬ್ಬಿಗೆ ಸೇರಿಸಿದವರು, ಅಲ್ಲಿನ ಸುರಕ್ಷತೆ ನೋಡಿಕೊಳ್ಳುವವರೂ ಹೌದು.

"ಆ ತೋಟಾ ಡಬ್ಬಿ ಇಲ್ಲಿ ಕೊಟ್ಬಿಡಮ್ಮ. ನಾನೇ ಬಿಚ್ಚಿ ಮದ್ದು ಚೆಲ್ತೀನಿ," ಎಂದರು. "ರೂಲ್ ಗೊತ್ತಲ್ಲ. ಇನ್ನೊಬ್ರ ಟೂತ್‌ಬ್ರಶ್ಶು, ಇನ್ನೊಬ್ರು ತುಂಬಿದ ರೌಂಡು, ಎರಡೂ ಮುಟ್ಟಬಾರದು."

"ಇನ್ನೊಬ್ರಲ್ಲ ದತ್ತಣ್ಣ. ಮದ್ದು ತೂಗಿದ್ದು ನಾನು."

"ಹಿಡಿ ಎಳೆದಿದ್ದು ಅವನು."

"ಪಿಸ್ತೂಲು ಸಿಡಿಯೋದು ಮದ್ದು ಎರಡು ಸಲ ಬಿದ್ರೆ. ಅದು ನನ್ನ ಕೈಲಿತ್ತು."

"ಹಾರಿಸಿ ವೇಗ ಅಳೆದು ಏನ್ ಮಾಡ್ತೀಯ ಈಗ?"

"ಬೆಟ್ ಇದೆ. ಮುಗೀಬೇಕು."

ಪಂದ್ಯದ ವಿಷಯ ಹೇಳಿದಳು. ದತ್ತಾತ್ರೇಯ ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿಕೊಂಡರು. "ಮುನ್ನೂರಿಪ್ಪತ್ತು ಅಂದ್ನಾ? ಯಾವಾಗ್ಲೂ ಜಾಸ್ತೀನೇ ಹೇಳೋನು. ದಾವಣಗೆರೆ ಬೈಕಿನ ಮೈಲೇಜೂ ಹಾಗೇ ಹೇಳ್ತಿದ್ದ."

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಹತ್ತು ತೋಟಾ ಬಿಚ್ಚಿ ಮದ್ದು ತೂಗಿ ನೋಡುವುದು. ಒಂದರಲ್ಲಿ ಹೆಚ್ಚುಕಮ್ಮಿ ಕಂಡರೂ ಉಳಿದದ್ದನ್ನು ಹಾರಿಸುವಂತಿಲ್ಲ. ಸುತ್ತಿಗೆಯಂಥ ಒಂದು ಸಾಧನದ ತಲೆಯೊಳಗೆ ತೋಟಾ ಸಿಕ್ಕಿಸಿ ದತ್ತಾತ್ರೇಯ ಮರದ ತುಂಡಿಗೆ ಬಡಿದರು. ಸೋಮು ಕೂರಿಸಿದ ಗುಂಡುಗಳು ಒಂದೊಂದಾಗಿ ಕಳಚಿ ಬಿದ್ದವು. ಶೋಭನಾ ನೋಡುತ್ತ ನಿಂತಳು. ತಕ್ಕಡಿಯ ಅಂಕಿ ಹತ್ತು ಸಲವೂ ಒಂದೇ.

"ಅಕ್ಕಸಾಲಿಗರ ಮನೇಲಿ ಹುಟ್ಟಬೇಕಿತ್ತು ನೀನು," ಎಂದು ಡಬ್ಬಿ ವಾಪಸು ಕೊಟ್ಟರು.

ವೇಗ ಅಳೆಯುವ ಕ್ರೋನೋಗ್ರಾಫನ್ನು ಅವಳ ಮುಂದೆ ಮುಕ್ಕಾಲಿಯ ಮೇಲೆ ನಿಲ್ಲಿಸಿದರು. ಅದಕ್ಕೆ ಬೆಳಕಿನ ಕಣ್ಣು ಎರಡು. ಮೇಲೆ ಹಾದುಹೋಗುವ ಗುಂಡಿನ ನೆರಳು ಮೊದಲ ಕಣ್ಣಿನಿಂದ ಎರಡನೆಯದಕ್ಕೆ ಎಷ್ಟು ಹೊತ್ತಿನಲ್ಲಿ ಬಂತೆಂದು ನೋಡಿ ಲೆಕ್ಕ ಹೇಳುತ್ತದೆ. ಶೋಭನಾ ತನ್ನ ಪಿಸ್ತೂಲಿಗೆ ತೋಟಾ ತುಂಬಿ ಒಂದು ಹಾರಿಸಿದಳು. ಏಳುನೂರ ನಲವತ್ತೊಂದು ಎಂದಿತು ಯಂತ್ರ.

"ರೈಫಲ್ ಮದ್ದು ತೂಗಿದ್ಯೇನೇ?"

"ಟ್ಯೂಬ್‌ಲೈಟು ಮಿಣಮಿಣ ಅಂತಿದೆ ದತ್ತಣ್ಣ. ಅದನ್ನೇ ನೆರಳು ಅಂದ್ಕೊಂಡಿದೆ."

ಅವರು ಬಿಡುವಿನಲ್ಲಿ ಕೂರುವ ಫೀಕಾ ಕೋಣೆಗೆ ಹೋಗಿ ಕಾಫಿ ಪಾತ್ರೆಯ ಪಕ್ಕದ ಹಳೆಯ ತಂತಿ ಬಲ್ಬಿನ ದೀಪ ಹೊತ್ತು ತಂದರು. ಟ್ಯೂಬುಗಳನ್ನು ಆರಿಸಿ ಅದನ್ನು ಹಚ್ಚಿದ ಮೇಲೆ ಯಂತ್ರಕ್ಕೆ ಬುದ್ಧಿ ಬಂತು. ಮುನ್ನೂರ ಹನ್ನೊಂದು, ಮುನ್ನೂರ ಏಳು, ಮುನ್ನೂರ ಒಂಬತ್ತು. ಹೀಗೆ ಹತ್ತು ಆದವು. ಸರಾಸರಿ ಮುನ್ನೂರ ಒಂಬತ್ತು.

"ನಿನ್ನ ಐದಕ್ಕೆ ನಾಲ್ಕೇ ದೂರ, ಅವನ ಇಪ್ಪತ್ತಕ್ಕೆ ಹನ್ನೊಂದು," ದತ್ತಾತ್ರೇಯರ ದನಿ ಹಗುರಾಗಿತ್ತು. "ಗೆದ್ದೆ ತಗೋ. ಅಲ್ಲಿಂದಾನೇ ಬೈಕೋತಿರ್ತಾನೆ."

ಶೋಭನಾ ಪಿಸ್ತೂಲು ಖಾಲಿ ಮಾಡಿ ಅವರಿಗೆ ತೋರಿಸಿ ಮೇಜಿನ ಮೇಲಿಟ್ಟಳು.

"ನನ್ನ ಬ್ಯಾರಲ್ ಅವನದ್ದಕ್ಕಿಂತ ಒಂದಿಂಚು ಚಿಕ್ಕದು. ಅವನದ್ರಲ್ಲಿ ಇನ್ನೂ ಎಂಟೊಂಬತ್ತು ಜಾಸ್ತಿ ಬರುತ್ತೆ."

"ಅದು ಅಂದಾಜು. ಅಳೆದಿದ್ದು ಮುನ್ನೂರ ಒಂಬತ್ತು."

"ಬೆಟ್ ಅವನ ಪಿಸ್ತೂಲಿನ ಮೇಲೆ."

"ಅದಿಲ್ವಲ್ಲಮ್ಮ ಈಗ. ಇಲ್ದೇ ಇರೋದಕ್ಕೆ ಯಾಕೆ ಸೋಲ್ತೀಯ? ಗೆದ್ದೆ ಅಂತಾನೇ ಇಟ್ಕೋ."

ಇಟ್ಟುಕೊಳ್ಳಬಹುದಿತ್ತು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು ಅವಳು; ಬೇಕಾದ ಉತ್ತರ ಬರುವಂತೆ ಲೆಕ್ಕ ಮಾಡುವುದು ಎಷ್ಟು ಸುಲಭವೆಂದು ಗೊತ್ತಿತ್ತು. ಹಾಗಾಗಿಯೇ ತನ್ನ ಕಡೆಗೆ ಎಷ್ಟು ಎಳೆಯಬಹುದೋ ಅಷ್ಟು ಎಳೆದು ನೋಡಿದಳು.

"ಒಂದಿಂಚಿಗೆ ತೀರಾ ಕಡಿಮೆ ಅಂದ್ರೂ ಐದು. ಆಗ ಮುನ್ನೂರ ಹದಿನಾಲ್ಕು. ನನಗೆ ಒಂಬತ್ತು ದೂರ, ಅವನಿಗೆ ಆರು." ಡಬ್ಬಿ ಮುಚ್ಚಿ ಅವರತ್ತ ಸರಿಸಿದಳು. "ಉಳಿದಿದ್ದು ಬಿಚ್ಚಿಬಿಡಿ ದತ್ತಣ್ಣ. ಹತ್ತು ಸಾಕು."

ದತ್ತಾತ್ರೇಯ ಡಬ್ಬಿ ತೆಗೆದುಕೊಂಡರು.

ಅವಳನ್ನು ಮನೆಯ ಬಳಿ ಇಳಿಸುವಾಗ ಇನ್ನೂ ಬೆಳಕಿತ್ತು. ಶೋಭನಾ ಮೇಲೆ ಹೋಗಿ ಪಿಸ್ತೂಲನ್ನು ಉಕ್ಕಿನ ಕಪಾಟಿನಲ್ಲಿಟ್ಟು ಬೀಗ ಹಾಕಿ, ಹಿಮ ಕೆರೆಯುವ ಹಲಗೆ ಹಿಡಿದು ಕೆಳಗೆ ಬಂದಳು. ದತ್ತಾತ್ರೇಯ ಇನ್ನೂ ಹೊರಟಿರಲಿಲ್ಲ. ಅವಳ ಕಾರಿನ ಪಕ್ಕ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದರು.

"ಕೊಡಮ್ಮ ಇಲ್ಲಿ. ಕಲ್ಲಾಗಿದೆ ಅದು. ನಾನು ಕೆರೀತೀನಿ."

"ಬೇಡ ದತ್ತಣ್ಣ. ಸೋತಿದ್ದು ನಾನು."

ಮೇಲಿನ ಹಿಮವನ್ನು ತೋಳಿನಿಂದ ತಳ್ಳಿದಳು. ಅಡಿಯಲ್ಲಿ ಗಾಜಿಗೆ ಅಂಟಿ ಕೂತಿದ್ದ ಪದರ ಗಟ್ಟಿಯಾಗಿತ್ತು. ಸೋಮು ಕೂರುತ್ತಿದ್ದ ಕಡೆಯಿಂದ ಕೆರೆಯಲು ಶುರು ಮಾಡಿದಳು.