ಅವಳಿಯಲ್ಲಿ ಒಬ್ಬರು ಸಾಕು

ಲಿಫ್ಟ್ ಮೆಕ್ಯಾನಿಕ್‌ಗೂ ಅವನ ತಂಗಿಗೂ ಮಾತು ನಿಂತು ವರ್ಷಗಳಾಗಿದ್ದವು. ಇಬ್ಬರೂ ಅವಳಿ. ಹುಟ್ಟಿದಾಗ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಹೆಣ್ಣುಮಕ್ಕಳು ಎಂದು ನೆಂಟರೆಲ್ಲ ಬಾಯಿತುಂಬ ಹೊಗಳಿದ್ದರು. ಕೆಲವು ನಿಮಿಷ ಮೊದಲು ಹುಟ್ಟಿದ್ದಕ್ಕೆ ಅವನು ಅವಳ ಬಾಯಲ್ಲಿ ‘ಅಕ್ಕ’ ಆಗಿದ್ದ. ತಾನು ಗಂಡು ಎಂಬುದು ಅವನಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಮನೆಯವರಿಗೆ ಗೊತ್ತಾದದ್ದು ಹಾರ್ಮೋನ್ ಇಂಜೆಕ್ಷನ್ ಶುರುವಾಗಿ, ದನಿ ಒಡೆದು, ಮೀಸೆ ಚಿಗುರಿದ ಮೇಲೆ.

“ನನ್ನ ಮುಖ ಇಟ್ಕೊಂಡು ನೀನು ಗಂಡಸಾಗಿ ಓಡಾಡಿದ್ರೆ ನಾನು ಶಾಲೆಗೆ ಹೇಗೆ ಹೋಗ್ಲಿ?” ಎಂದಿದ್ದಳು ಟೀಚರಾಗಿದ್ದ ತಂಗಿ. ಅದೇ ಕೊನೆಯ ಮಾತು.

ಆಮೇಲೆ ಅವಳಿಗೆ ಲೂಪಸ್ ಬಂತು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಕೀಲುಗಳು ಊದಿದವು, ಕೆನ್ನೆಗಳ ಮೇಲೆ ಕೆಂಪು ಹಬ್ಬಿತು, ಬಿಸಿಲು ಕಂಡರಾಗದು. ಅವನಿಗೆ ಸುದ್ದಿ ತಿಳಿದದ್ದು ತಾಯಿಯ ಫೋನಿನಲ್ಲಿ.

ತನ್ನ ಇಂಜೆಕ್ಷನ್ ಬರೆದುಕೊಡುತ್ತಿದ್ದ ಡಾಕ್ಟರಮ್ಮನಿಗೆ ಅವನು ಇದನ್ನು ಹೇಳಿದಾಗ ಆಕೆ ಪೆನ್ನು ಕೆಳಗಿಟ್ಟಳು. ಗಂಡು ಹೆಣ್ಣಿನ ರೋಗನಿರೋಧಕ ಶಕ್ತಿಯಲ್ಲಿ ಏನು ವ್ಯತ್ಯಾಸ ಎಂಬುದೇ ಆಕೆಯ ಸಂಶೋಧನೆ.

“ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. ನೀವಿಬ್ರೂ ಹುಟ್ಟಿದ್ದು ಒಂದೇ ಥರ. ಅವರಿಗೆ ಬಂದಿದೆ, ನಿಮಗಿಲ್ಲ. ನಿಮ್ಮ ಹಾರ್ಮೋನ್ ಕಾರಣನೋ, ಬರೀ ಅದೃಷ್ಟನೋ, ನನಗೆ ಗೊತ್ತಿಲ್ಲ. ಇಬ್ಬರ ರಕ್ತನೂ ಪಕ್ಕಪಕ್ಕ ಇಟ್ಟು ನೋಡ್ಬೇಕು. ಬರ್ತಾರಾ?”

ತಾಯಿ ಕಾಡಿ ಬೇಡಿ ಒಪ್ಪಿಸಿದಳು. ರಕ್ತ ತೆಗೆಯುವ ಕೋಣೆಯಲ್ಲಿ ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ತೋಳು ಚಾಚಿ ಕೂತರು. ನರ್ಸ್ ಎಷ್ಟು ತಡವಿದರೂ ತಂಗಿಯ ನರ ಸಿಗಲಿಲ್ಲ. ಅವನ ನರ ಹಗ್ಗದಂತೆ ಎದ್ದು ಕಾಣುತ್ತಿತ್ತು.

“ಹೆಣ್ಣಾಗಿರೋ ಕಷ್ಟನೆಲ್ಲ ನನ್ನ ತಲೆಗೆ ಕಟ್ಟಿ ಪಾರಾದೆ,” ಎಂದಳು ತಂಗಿ, ಅವನ ತೋಳು ನೋಡುತ್ತ. ತಮಾಷೆ ಇರಬೇಕೆಂದು ಅವನು ನಗಲು ಹೋದ. ಅವಳು ನಗುತ್ತಿರಲಿಲ್ಲ.

ಆದರೂ ಬರುವುದು ನಿಲ್ಲಿಸಲಿಲ್ಲ. ಪ್ರತಿ ಸಲವೂ ಅವನೇ ಆಟೋ ಹಿಡಿದು ಕರೆತರುತ್ತಿದ್ದ. ಮೊದಮೊದಲು ದಾರಿಯುದ್ದಕ್ಕೂ ಮೌನ, ಆಮೇಲೆ ಹೆಡ್‌ಮಾಸ್ಟರರ ಮೇಲಿನ ಚಾಡಿ. ಒಂದು ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಂಡಿ ಹಿಡಿದುಕೊಂಡು ನಿಂತವಳು, “ಅಣ್ಣ, ಸ್ವಲ್ಪ ಕೈ ಕೊಡು” ಎಂದಳು. ಅವನು ಕೈ ಕೊಟ್ಟ. ಬಾಯಿಬಿಟ್ಟರೆ ಆ ಮಾತನ್ನು ಅವಳು ವಾಪಸು ತೆಗೆದುಕೊಂಡಾಳು ಎಂಬ ಭಯ.

ಅಷ್ಟರಲ್ಲಿ ಡಾಕ್ಟರಮ್ಮನ ಸಂಶೋಧನಾ ಸಂಸ್ಥೆಗೆ ಹೊಸ ನಿರ್ದೇಶಕರು ಬಂದರು. ಇಂಥವರ ಮೇಲೆಲ್ಲ ಸಂಶೋಧನೆ ಯಾಕೆ ಎಂದು ಪತ್ರಿಕೆಗಳಲ್ಲೂ ಗುಲ್ಲೆದ್ದಿತ್ತು. ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

“ಲಿಂಗ ಬದಲಿಸ್ಕೊಂಡವರನ್ನೆಲ್ಲ ಕೈಬಿಡಿ ಅಂತ ಆರ್ಡರ್ ಬಂದಿದೆ. ನಿಮ್ಮ ರಕ್ತನ ಫ್ರೀಜರ್‌ನಿಂದ ತೆಗೆದು ಎಸೆದ್ರು.”

“ನೀವು?” ಎಂದ ಅವನು.

“ನೋಡ್ತಾ ನಿಂತಿದ್ದೆ.”

ತಂಗಿಗೆ ಮಾತ್ರ ಬೇರೊಬ್ಬ ಡಾಕ್ಟರ ಹತ್ತಿರ ಹೊಸ ಔಷಧಿಯ ಪ್ರಯೋಗದಲ್ಲಿ ಜಾಗವಿತ್ತು. “ಅವಳಿ ಅನ್ನೋದು ಅಲ್ಲಿ ಎತ್ತಬೇಡಿ. ಎತ್ತಿದ್ರೆ ಇವರ ವಿಷಯ ಬರುತ್ತೆ, ನಿಮ್ಮನ್ನೂ ಕೈಬಿಡ್ತಾರೆ,” ಎಂದಳು ಡಾಕ್ಟರಮ್ಮ.

“ಹೋಗು,” ಎಂದ ಅವನು ತಂಗಿಗೆ. “ನೋವು ತಿನ್ನೋಳು ನೀನು.” ಒಂದೇ ಒಂದು ಸಲ ಅವಳು ಬೇಡ ಎನ್ನಲಿ ಎಂದು ಅವನ ಮನಸ್ಸು ಕಾದಿತ್ತು. ಆಮೇಲೆ ಬೇಕಾದರೆ ತಾನೇ ಒತ್ತಾಯ ಮಾಡಿ ಕಳಿಸುತ್ತಿದ್ದ. ಅವಳು ತಲೆ ತಗ್ಗಿಸಿ “ಸರಿ” ಎಂದಳು.

ಹೊಸ ಡಾಕ್ಟರ ಕೋಣೆಯ ಬಾಗಿಲು ಅರೆತೆರೆದಿತ್ತು. ಹೊರಗಿನ ಬೆಂಚಿನಲ್ಲಿ ಅವಳ ಛತ್ರಿ, ಚೀಲ ಹಿಡಿದು ಕೂತವನಿಗೆ ಒಳಗಿನ ಮಾತು ಕೇಳಿಸಿತು.

“ಒಡಹುಟ್ಟಿದವರು?”

“ಯಾರೂ ಇಲ್ಲ.”

“ಹೊರಗೆ ಕೂತಿರೋರು?”

“ಗೊತ್ತಿರೋರು. ಜೊತೆಗೆ ಬರ್ತಾರೆ ಅಷ್ಟೆ.”

ಹೋಗು ಎಂದವನೇ ಅವನು. ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಅವಳು ಹೊರಗೆ ಬಂದು ಮುಖ ನೋಡದೆ ಚೀಲಕ್ಕೆ ಕೈ ಚಾಚಿದಳು. ಅವನು ಕೊಟ್ಟ.

ಔಷಧಿ ಹಿಡಿಯಿತು, ಊತ ಇಳಿಯಿತು. ಅದೇ ಕಾಯಿಲೆ ಅವನಿಗೇಕೆ ಬರಲಿಲ್ಲ ಎಂಬುದನ್ನು ಯಾರೂ ಮತ್ತೆ ಕೇಳಲಿಲ್ಲ. ಒಂದು ಮಧ್ಯಾಹ್ನ ತಾಯಿ ಫೋನ್ ಮಾಡಿ, “ಈಗ ಅವಳೇ ಬಸ್ಸಲ್ಲಿ ಹೋಗಿ ಬರ್ತಾಳಂತೆ. ನೀನು ಸುಮ್ಮನೆ ಕೆಲಸ ಬಿಟ್ಟು ಬರೋದು ಬೇಡವಂತೆ,” ಎಂದಳು.

“ಅವಳೇ ಹೇಳಿದ್ಳಾ?”

“ಊಟ ಆಯ್ತಾ?” ಎಂದು ಕೇಳಿದಳು ತಾಯಿ.