ಗೋಡೆಯ ಮೇಲಿನ ಮೂರುಗಳು

ಗಣಿತ ಅಂದರೆ ಕೊಟ್ರಪ್ಪ ಮಾಸ್ತರರು ಎನ್ನುವಷ್ಟು ಮುಂಡರಗಿ ಕಡೆ ಅವರ ಹೆಸರು. ಶಾಲೆಯ ಗೋಡೆಯ ಮೇಲೆ ಅವರೇ ಶುರು ಮಾಡಿಸಿದ ಸಾಲಿತ್ತು: 31, 331, 3331, 33331... ಎಲ್ಲವೂ ಅವಿಭಾಜ್ಯ. ಒಂದನ್ನೂ ತನ್ನನ್ನೂ ಬಿಟ್ಟರೆ ಬೇರಾವುದಕ್ಕೂ ಭಾಗವಾಗದ ಸಂಖ್ಯೆಗಳು. ವರ್ಷಕ್ಕೊಮ್ಮೆ ಊರ ಮಂದಿಯ ಮುಂದೆ ಹತ್ತನೇ ತರಗತಿಯ ಜಾಣ ಮಗು ಹಿಂದಿನದಕ್ಕೆ ಇನ್ನೊಂದು ಮೂರು ಹಚ್ಚಿ ಹೊಸ ಸಂಖ್ಯೆ ಬರೆಯುವುದು ವಾಡಿಕೆ. ಮೊದಮೊದಲು ಮಾಸ್ತರರು ಭಾಗಿಸಿ ನೋಡಿಯೇ ಬರೆಸುತ್ತಿದ್ದರು. ಆಮೇಲೆ ಎಲ್ಲಿಯ ಭಾಗಾಕಾರ! ಮೂರು ಹಚ್ಚುತ್ತ ಹೋಗಿ, ಅವಿಭಾಜ್ಯವೇ ಬರುತ್ತದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಈ ಸಲ ಬ್ರಶ್ ಹಿಡಿಯುವ ಮಾನ ಅಫ್ರೀನಳದು. ಅವಳ ಅಪ್ಪ ಅವ್ವ ಕೂಲಿ ಬಿಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಕಾರ್ಯಕ್ರಮ ಇನ್ನೇನು ಶುರುವಾಗಬೇಕು, ಹುಡುಗಿ ಮಾಸ್ತರರ ಹತ್ತಿರ ಬಂದಳು.

“ಸರ್, 333333331 ಹದಿನೇಳರಿಂದ ಭಾಗ ಹೋಗತೈತ್ರಿ. ಏನೂ ಉಳಿಯಂಗಿಲ್ರಿ.”

“ಭಾಗಾಕಾರ ಬರ್ತೈತೇನ ನಿನಗ? ಇಷ್ಟು ವರ್ಷ ಬರದೋರೆಲ್ಲಾ ಹುಚ್ಚರೇನು? ಮಂದಿ ಮುಂದ ನನ್ನ ಮರ್ಯಾದಿ ಕಳೀಬೇಕಂತ ಮಾಡಿಯೇನು?”

ಬ್ರಶ್ ಕಸಿದು ಅದೇ ತರಗತಿಯ ಸುಶ್ಮಿತಾಳ ಕೈಗೆ ಕೊಟ್ಟೇಬಿಟ್ಟರು. ಅವಳು ಬರೆದಳು, ಮಂದಿ ಚಪ್ಪಾಳೆ ತಟ್ಟಿದರು. ಅಫ್ರೀನಳ ಅಪ್ಪ ಮಾತ್ರ ತಲೆ ಎತ್ತಲಿಲ್ಲ.

ಮಾಸ್ತರರಿಗೆ ಯಾಕೋ ಸಮಾಧಾನವಿಲ್ಲ. ವೇದಿಕೆಯ ಹಿಂದೆ ಹೋಗಿ, ಮೆಟ್ಟಿಲ ಮೇಲೆ ಸೀಮೆಸುಣ್ಣದಿಂದ ಭಾಗಿಸಿದರು. ಶೇಷ ಸೊನ್ನೆ. ಮತ್ತೊಮ್ಮೆ ಮಾಡಿದರು, ಆಗಲೂ ಸೊನ್ನೆ! ಮೈಯೆಲ್ಲ ಬೆವೆತು ಹೋಯಿತು. ಯಾರಾದರೂ ನೋಡಿಯಾರು ಎಂದು ಅಷ್ಟನ್ನೂ ಚಪ್ಪಲಿಯಿಂದ ಉಜ್ಜಿ ಅಳಿಸಿದರು.

ಬ್ರಶ್ ಕಸಿದಾಗಿನ ಗದ್ದಲ ಹೆಡ್‌ಮೇಡಂ ಸುನಿತಾ ಅವರ ಕಿವಿಗೂ ಬಿದ್ದಿತ್ತು. “ಅಫ್ರೀನ, ಬಾ ಇಲ್ಲಿ. ಏನೋ ತಕರಾರು ತಗದಿದ್ದೆಂತಲ್ಲ, ಎಲ್ಲಾರಿಗೂ ಕೇಳುವಂಗ ಹೇಳು,” ಎಂದು ಮೈಕಿನಲ್ಲೇ ಕರೆದರು.

ಹುಡುಗಿ ವೇದಿಕೆ ಹತ್ತಿದಳು. ಹೇಳದಿರಲಪ್ಪಾ ದೇವರೇ ಎಂದು ಮಾಸ್ತರರು ಒಳಗೊಳಗೇ ಬೇಡಿಕೊಂಡರು. ಥೂ, ಗಣಿತ ಕಲಿಸುವವರು ಬೇಡುವ ವರವೇ ಅದು! ಬೆವೆತ ಅವರ ಮುಖವನ್ನೂ ಸೀಮೆಸುಣ್ಣ ಮೆತ್ತಿದ ಬೆರಳುಗಳನ್ನೂ ಅಫ್ರೀನ ಬಹಳ ಹೊತ್ತು ನೋಡಿದಳು. ಅವರೂ ಭಾಗಿಸಿ ನೋಡಿದ್ದಾರೆಂದು ಅವಳಿಗೆ ತಿಳಿದುಹೋಯಿತು.

“ನಂದ ತಪ್ಪಾಗಿತ್ರಿ ಮೇಡಂ. ಭಾಗ ಹೋಗಂಗಿಲ್ರಿ.”

ಮಂದಿ ನಕ್ಕರು. ಅವಳ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಲೆಕ್ಕದಲ್ಲಿ ಎಂದೂ ಸುಳ್ಳು ಹೇಳದ ಹುಡುಗಿಗೆ ಸುಳ್ಳು ಕಲಿಸಿದವನು ತಾನೇ ಎಂದು ಮಾಸ್ತರರಿಗೆ ನಾಚಿಕೆಯಾಯಿತು. ಈಗಲಾದರೂ ಎದ್ದು ಹೇಳಬೇಕು ಎಂದುಕೊಂಡರು.

“ಇರ್ಲಿ ಬಿಡು, ತಪ್ಪು ಒಪ್ಕೊಂಡಿಯಲ್ಲ. ಚಪ್ಪಾಳಿ ಹೊಡೀರಿ ಎಲ್ಲಾರೂ,” ಎಂದರು ಮೇಡಂ.

ಎಲ್ಲರಿಗಿಂತ ಮೊದಲು ತಟ್ಟಿದವರು ಕೊಟ್ರಪ್ಪ ಮಾಸ್ತರರು.